ಹೃದಯದ ಕಾಲುವೆಯಲ್ಲಿ ಹೆಪ್ಪು

ತುಂಬಿ ಹರಿಯುವ ಹೊಳೆಯ ನಡುವೆ ನಿಂತವನು ನೀರಿಲ್ಲದೆ ಬಾಯಾರಿ ಸತ್ತನೆಂದರೆ ಯಾರೂ ನಂಬಲಾರರು. ಆದರೆ ಮಾನವನ ಹೃದಯದ ಸ್ಥಿತಿ ಹೆಚ್ಚುಕಡಿಮೆ ಅಂಥದೇ. ಅದರ ಕೋಣೆಗಳ ಮೂಲಕ ನಿಮಿಷಕ್ಕೆ ಸುಮಾರು 5 ಲೀಟರಿನಷ್ಟು ರಕ್ತ ಹಾದುಹೋಗುತ್ತದೆ. ಆ ಪ್ರವಾಹದಿಂದ ಹೃದಯದ ಸ್ನಾಯುವಿಗೆ ನೇರವಾಗಿ ದಕ್ಕುವುದು ಅತ್ಯಲ್ಪ. ಕೋಣೆಯ ಒಳಮೈಗೆ ತಾಗಿದ ತೆಳುವಾದ ಪದರವೊಂದನ್ನು ಬಿಟ್ಟರೆ, ಉಳಿದ ದಪ್ಪನಾದ ಸ್ನಾಯುವೆಲ್ಲವೂ ತನ್ನ ಪೋಷಣೆಗೆ ಬೇರೆ ಕಾಲುವೆಗಳನ್ನೇ ನೆಚ್ಚಿಕೊಂಡಿದೆ. ಮಹಾಪಧಮನಿಯು ಹೃದಯದಿಂದ ಹೊರಡುತ್ತಲೇ, ಅದರ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಧಮನಿಗಳು ಕವಲೊಡೆಯುತ್ತವೆ. ಅವು ಹೃದಯದ ಹೊರಮೈಯನ್ನು ಕಿರೀಟದಂತೆ ಬಳಸಿ, ಕವಲುಕವಲಾಗಿ ಸ್ನಾಯುವಿನೊಳಕ್ಕೆ ಇಳಿಯುತ್ತವೆ. ಅವುಗಳಿಗೆ ಕರೊನರಿ ಧಮನಿಗಳೆಂದು ಹೆಸರು ಬಂದಿರುವುದು ಈ ಕಿರೀಟದ ಆಕಾರದಿಂದಲೇ. ಮೂಲದಲ್ಲಿ ಅವುಗಳ ಒಳವ್ಯಾಸ ಸುಮಾರು 3ರಿಂದ 4 ಮಿಲಿಮೀಟರ್ ಮಾತ್ರ.

ಇಷ್ಟು ಕಿರಿದಾದ ಕಾಲುವೆಗಳಿಂದ ಬರುವ ಆಮ್ಲಜನಕವನ್ನು ಹೃದಯವು ಬಹುಮಟ್ಟಿಗೆ ಹೀರಿಬಿಡುತ್ತದೆ. ದೇಹವು ವಿಶ್ರಾಂತಿಯಲ್ಲಿರುವಾಗ ಉಳಿದ ಅಂಗಗಳು ತಮ್ಮಲ್ಲಿಗೆ ಬಂದ ಆಮ್ಲಜನಕದ ಸುಮಾರು ಕಾಲು ಭಾಗವನ್ನು ಬಳಸಿಕೊಂಡರೆ, ಹೃದಯದ ಸ್ನಾಯುವು ಆಗಲೂ ಶೇಕಡಾ 70ರಷ್ಟನ್ನು ಬಳಸಿಕೊಳ್ಳುತ್ತದೆ. ಅಂದಂದಿನ ದುಡಿಮೆಯಿಂದ ಅಂದಂದೇ ಉಣ್ಣುವ ಮನೆಯಂತೆ ಅದರ ಬಾಳು. ಕಣಜದಲ್ಲಿ ಕೂಡಿಟ್ಟದ್ದು ಏನೂ ಇಲ್ಲ. ಆದುದರಿಂದಲೇ ಕಾಲುವೆಯೊಂದು ಹಠಾತ್ತಾಗಿ ಮುಚ್ಚಿಹೋದರೆ ಆ ಪಾತ್ರದ ಸ್ನಾಯು ಕೆಲವೇ ನಿಮಿಷಗಳಲ್ಲಿ ಬಳಲಿ, ಕೆಲವು ಗಂಟೆಗಳಲ್ಲಿ ಸತ್ತುಹೋಗುತ್ತದೆ. ಹೃದಯಾಘಾತವೆಂದರೆ ಇದೇ.

ಧಮನಿ ಮುಚ್ಚುವುದು ಹೇಗೆ? ಕಾಲಿಗೆ ಮುಳ್ಳು ಚುಚ್ಚಿದಾಗ ಸುರಿಯುವ ರಕ್ತ ತಾನಾಗಿಯೇ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ರಕ್ತದಲ್ಲಿರುವ ಕಿರುತಟ್ಟೆಗಳು ಗಾಯದ ಬಾಯಿಗೆ ಧಾವಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಅವುಗಳ ಸುತ್ತ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದುಕೊಳ್ಳುತ್ತದೆ; ಬಲೆಯಲ್ಲಿ ಕೆಂಪು ರಕ್ತಕಣಗಳು ಸಿಕ್ಕಿಬಿದ್ದು ಹೆಪ್ಪು ಗಟ್ಟಿಯಾಗುತ್ತದೆ. ಈ ಏರ್ಪಾಡು ಇಲ್ಲದಿದ್ದರೆ ಸಣ್ಣ ಗಾಯದಿಂದಲೂ ಪ್ರಾಣ ಹೋಗುತ್ತಿತ್ತು. ಆದರೆ ವಯಸ್ಸು, ಧೂಮಪಾನ, ರಕ್ತದ ಒತ್ತಡ, ಸಿಹಿಮೂತ್ರ ರೋಗ ಮೊದಲಾದ ಕಾರಣಗಳಿಂದ ಧಮನಿಯ ಗೋಡೆಯೊಳಗೆ ಕೊಬ್ಬಿನ ದಿಣ್ಣೆಗಳು ಬೆಳೆದಿರುತ್ತವೆ. ಅಂಥ ದಿಣ್ಣೆಯೊಂದರ ತೆಳುವಾದ ಮೇಲುಹೊದಿಕೆ ಒಂದು ದಿನ ಬಿರುಕುಬಿಟ್ಟಾಗ, ರಕ್ತವು ಅದನ್ನೂ ಗಾಯವೆಂದೇ ತಿಳಿಯುತ್ತದೆ. ಮುಳ್ಳಿನ ಗಾಯವನ್ನು ಮುಚ್ಚಿ ಪ್ರಾಣ ಉಳಿಸಿದ ಹೆಪ್ಪೇ ಇಲ್ಲಿ ಕಾಲುವೆಯನ್ನು ಮುಚ್ಚಿ ಪ್ರಾಣ ತೆಗೆಯುತ್ತದೆ.

ಈಗ ಇಷ್ಟು ಸರಳವಾಗಿ ಹೇಳಬಹುದಾದ ಈ ಸಂಗತಿಯನ್ನು ವೈದ್ಯಲೋಕ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. 1912ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಒಂದು ಲೇಖನವನ್ನು ಪ್ರಕಟಿಸಿದರು. 55 ವರ್ಷದ ಒಬ್ಬ ಗೃಹಸ್ಥರಿಗೆ ಊಟವಾದ ಒಂದು ಗಂಟೆಯ ಬಳಿಕ ಎದೆಯ ಕೆಳಭಾಗದಲ್ಲಿ ತೀವ್ರವಾದ ನೋವು ಕಾಣಿಸಿಕೊಂಡಿತು. ತಿಂದದ್ದು ಒಗ್ಗಲಿಲ್ಲವೆಂದು ಭಾವಿಸಿ ಅವರು ತಾವಾಗಿಯೇ ವಾಂತಿ ಮಾಡಿಕೊಂಡರು. ನೋವು ಹೋಗಲಿಲ್ಲ. 52 ಗಂಟೆಗಳ ತರುವಾಯ ಅವರು ತೀರಿಕೊಂಡರು. ಶವಪರೀಕ್ಷೆಯಲ್ಲಿ ಎಡ ಕರೊನರಿ ಧಮನಿಯನ್ನು ಹೆಪ್ಪೊಂದು ಮುಚ್ಚಿದ್ದುದು ಕಂಡುಬಂದಿತು. ಧಮನಿ ಮುಚ್ಚಿದೊಡನೆ ಮನುಷ್ಯ ಸಾಯಲೇಬೇಕೆಂದಿಲ್ಲ, ಬದುಕಿರುವಾಗಲೇ ಈ ರೋಗವನ್ನು ಗುರುತಿಸಬಹುದು ಎಂಬುದು ಹೆರಿಕ್ ಅವರ ವಾದ. ಆ ಕಾಲದ ವೈದ್ಯರು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. ಎದೆನೋವನ್ನು ಅಜೀರ್ಣವೆಂದೋ ವಾಯುವೆಂದೋ ಎಣಿಸಿ ಸೋಡಾ ಕುಡಿದು ಮಲಗುವವರು ಇಂದಿಗೂ ಎಲ್ಲ ಊರುಗಳಲ್ಲಿಯೂ ಇದ್ದಾರೆಂಬುದನ್ನು ನೆನೆದರೆ, ಆ ಗೃಹಸ್ಥರ ಕಥೆ ಹಳೆಯದೆನಿಸುವುದಿಲ್ಲ.

1970ರ ದಶಕದಲ್ಲಿಯೂ ವಿವಾದ ಮುಗಿದಿರಲಿಲ್ಲ. ಹೃದಯಾಘಾತದಿಂದ ಸತ್ತವರ ಶವಪರೀಕ್ಷೆಯಲ್ಲಿ ಕೆಲವರ ಧಮನಿಗಳಲ್ಲಿ ಹೆಪ್ಪು ಸಿಕ್ಕುತ್ತಿತ್ತು, ಕೆಲವರಲ್ಲಿ ಸಿಕ್ಕುತ್ತಿರಲಿಲ್ಲ. ಆದಕಾರಣ ಹೆಪ್ಪು ಹೃದಯಾಘಾತದ ಕಾರಣವಲ್ಲ, ಸ್ನಾಯು ಸತ್ತ ಮೇಲೆ ರಕ್ತ ನಿಂತು ಉಂಟಾಗುವ ಪರಿಣಾಮ ಎಂದು ಹೆಸರಾಂತ ತಜ್ಞರು ಕೆಲವರು ವಾದಿಸಿದರು. ಇದು ಬರಿಯ ಪಂಡಿತರ ಜಗಳವಾಗಿರಲಿಲ್ಲ. ಹೆಪ್ಪು ಪರಿಣಾಮ ಮಾತ್ರವಾಗಿದ್ದರೆ ಅದನ್ನು ತೆಗೆಯುವುದರಿಂದ ಏನೂ ಪ್ರಯೋಜನವಿಲ್ಲ. ಕಾರಣವಾಗಿದ್ದರೆ, ತೆಗೆಯದೆ ಸುಮ್ಮನೆ ಕುಳಿತ ಒಂದೊಂದು ಗಳಿಗೆಯೂ ರೋಗಿಗೆ ಬಗೆದ ದ್ರೋಹ. ನಿಜ ತಿಳಿಯಬೇಕಾದರೆ ಬದುಕಿರುವ ರೋಗಿಯ ಧಮನಿಯೊಳಕ್ಕೆ ಇಣುಕಿ ನೋಡಬೇಕಾಗಿತ್ತು.

ಹಾಗೆ ಇಣುಕುವ ದಾರಿ ಅಷ್ಟರಲ್ಲಿ ಸಿದ್ಧವಾಗಿತ್ತು. ಅದನ್ನು ಮೊದಲು ತೆರೆದವನು ಜರ್ಮನಿಯ ಎಬರ್ಸ್‌ವಾಲ್ಡ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ. ತೋಳಿನ ಅಭಿಧಮನಿಯಿಂದ ನಳಿಕೆಯೊಂದನ್ನು ಹೃದಯದವರೆಗೂ ತಳ್ಳಬಹುದೆಂದು ಅವನ ಎಣಿಕೆ. ಹೃದಯಕ್ಕೆ ಪರವಸ್ತು ತಾಗಿದರೆ ಸಾವು ಖಂಡಿತವೆಂದು ಎಲ್ಲರೂ ನಂಬಿದ್ದ ಕಾಲ ಅದು. ಮೇಲಧಿಕಾರಿ ಅನುಮತಿ ಕೊಡಲಿಲ್ಲ. 1929ರಲ್ಲಿ ಒಂದು ದಿನ ಫೋರ್ಸ್‌ಮನ್ ಉಪಕರಣಗಳ ಕೀಲಿ ಇಟ್ಟುಕೊಂಡಿದ್ದ ಶುಶ್ರೂಷಕಿಯನ್ನು ಒಪ್ಪಿಸಿದನು. ಧೈರ್ಯವಂತೆಯಾದ ಆಕೆ ಪ್ರಯೋಗವನ್ನು ತನ್ನ ಮೇಲೆಯೇ ನಡೆಸಬೇಕೆಂದು ಕೇಳಿಕೊಂಡಳು. ಅವನು ಆಕೆಯನ್ನು ಮೇಜಿಗೆ ಕಟ್ಟಿ ಮಲಗಿಸಿ, ಆಕೆಯ ಕಣ್ಣಿಗೆ ಬೀಳದಂತೆ ತನ್ನ ಎಡತೋಳನ್ನೇ ಕುಯ್ದು, 65 ಸೆಂಟಿಮೀಟರ್ ನಳಿಕೆಯನ್ನು ಒಳಕ್ಕೆ ತಳ್ಳಿದನು. ಬಳಿಕ ಅವಳ ಕಟ್ಟು ಬಿಚ್ಚಿ, ತೋಳಿನಿಂದ ನಳಿಕೆ ಜೋತಾಡುತ್ತಿರುವಂತೆಯೇ ಮೆಟ್ಟಿಲಿಳಿದು ಕ್ಷ-ಕಿರಣದ ಕೋಣೆಗೆ ನಡೆದನು. ನಳಿಕೆಯ ತುದಿ ಹೃದಯದ ಬಲಭಾಗದಲ್ಲಿದ್ದುದು ಚಿತ್ರದಲ್ಲಿ ಕಾಣಿಸಿತು. ಅವನಿಗೆ ದೊರೆತದ್ದು ಮೆಚ್ಚಿಗೆಯಲ್ಲ, ಛೀಮಾರಿ. ಹೃದಯದ ಕೆಲಸವನ್ನೇ ಬಿಟ್ಟು ಅವನು ಮೂತ್ರಾಂಗಗಳ ವೈದ್ಯನಾದನು. 1956ರಲ್ಲಿ, ಆ ಸಾಹಸವನ್ನು ಮುಂದುವರಿಸಿದ ಕೂರ್ನಾಂಡ್ ಮತ್ತು ರಿಚರ್ಡ್ಸ್ ಎಂಬ ಇಬ್ಬರೊಡನೆ, ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಎರಡನೆಯ ಹೆಜ್ಜೆ ಆಕಸ್ಮಿಕವಾದುದು. 1958ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ರೋಗಿಯೊಬ್ಬನ ಮಹಾಪಧಮನಿಯ ಚಿತ್ರ ತೆಗೆಯುತ್ತಿದ್ದಾಗ, ನಳಿಕೆಯ ತುದಿ ಜಾರಿ ಬಲ ಕರೊನರಿ ಧಮನಿಯ ಬಾಯಿಗೆ ಸೇರಿಕೊಂಡಿತು. ಕ್ಷ-ಕಿರಣದಲ್ಲಿ ಕಾಣುವ ದ್ರವವೆಲ್ಲ ಆ ಕಿರುಧಮನಿಗೆ ನುಗ್ಗಿತು. ಹೃದಯ ಕೆಲವು ಕ್ಷಣ ಬಡಿತ ನಿಲ್ಲಿಸಿತು. ರೋಗಿಯನ್ನು ಕೆಮ್ಮಿಸಿದಾಗ ಮತ್ತೆ ಬಡಿಯತೊಡಗಿತು. ಸಾವು ಸಂಭವಿಸಿತೆಂದು ಹೆದರಿದ್ದ ಸೋನ್ಸ್ ಅವರಿಗೆ ಕರೊನರಿ ಧಮನಿಗಳ ಚಿತ್ರವನ್ನು ತೆಗೆಯಬಹುದೆಂಬ ಅರಿವು ಹೀಗೆ ದೊರೆಯಿತು.

ಈ ಉಪಾಯದಿಂದ ಹೆಪ್ಪಿನ ವಿವಾದವನ್ನು ಬಗೆಹರಿಸಿದವರು ಅಮೆರಿಕದ ಸ್ಪೋಕೇನ್ ನಗರದ ಮಾರ್ಕಸ್ ಡಿವುಡ್ ಮತ್ತು ಅವರ ಸಂಗಡಿಗರು. ಹೃದಯಾಘಾತವಾದ ಮೊದಲ 24 ಗಂಟೆಗಳೊಳಗೆ 322 ರೋಗಿಗಳ ಧಮನಿಗಳ ಚಿತ್ರಗಳನ್ನು ಅವರು ತೆಗೆದರು. 1980ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ನಾಲ್ಕು ಗಂಟೆಗಳೊಳಗೆ ಪರೀಕ್ಷಿಸಿದ 126 ಮಂದಿಯಲ್ಲಿ 110 ಮಂದಿಯ ಧಮನಿ ಪೂರ್ತಿ ಮುಚ್ಚಿತ್ತು. 12 ಗಂಟೆಗಳು ಕಳೆದ ಮೇಲೆ ಪರೀಕ್ಷಿಸಿದ 57 ಮಂದಿಯಲ್ಲಿ ಪೂರ್ತಿ ಮುಚ್ಚಿದ್ದುದು 37 ಮಂದಿಯದು ಮಾತ್ರ. ಅಂದರೆ ಹೆಪ್ಪು ಮೊದಲೇ ಇರುತ್ತದೆ, ಕಾಲ ಕಳೆದಂತೆ ಕೆಲವರಲ್ಲಿ ತಾನಾಗಿ ಕರಗುತ್ತದೆ. ಶವಪರೀಕ್ಷೆಯಲ್ಲಿ ಅದು ಕೆಲವೊಮ್ಮೆ ಕಾಣದಿದ್ದುದಕ್ಕೆ ಇದೇ ಕಾರಣ. ಚಿತ್ರದಲ್ಲಿ ಹೆಪ್ಪಿನ ಲಕ್ಷಣವಿದ್ದ 59 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ, 52 ಮಂದಿಯ ಧಮನಿಯಿಂದ ಹೆಪ್ಪು ಹೊರಬಂದಿತು. ಕಳ್ಳನನ್ನು ಮಾಲಿನ ಸಮೇತ ಹಿಡಿದಂತಾಯಿತು.

ಇನ್ನು ಉಳಿದದ್ದು ಅದನ್ನು ತೆಗೆಯುವ ಬಗೆ. ಮೊದಲ ಬಗೆ ಕರಗಿಸುವುದು. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಗಳು ಸ್ರವಿಸುವ ವಸ್ತುವೊಂದು ರಕ್ತದ ಹೆಪ್ಪನ್ನು ಕರಗಿಸುತ್ತದೆಂಬುದನ್ನು ವಿಲಿಯಂ ಟಿಲ್ಲೆಟ್ ಮತ್ತು ಗಾರ್ನರ್ 1933ರಲ್ಲಿಯೇ ತೋರಿಸಿದ್ದರು. ಸ್ಟ್ರೆಪ್ಟೊಕೈನೇಸ್ ಎಂದು ಹೆಸರಾದ ಆ ಔಷಧವನ್ನು ಇಟಲಿಯ ವೈದ್ಯರು 11,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಪ್ರಯೋಗದಲ್ಲಿ ಪರೀಕ್ಷಿಸಿ 1986ರಲ್ಲಿ ವರದಿ ಮಾಡಿದರು. ಔಷಧವಿಲ್ಲದವರಲ್ಲಿ ಶೇಕಡಾ 13 ಮಂದಿ ಸತ್ತಿದ್ದರೆ, ಔಷಧ ಪಡೆದವರಲ್ಲಿ ಶೇಕಡಾ 10.7 ಮಂದಿ ಸತ್ತಿದ್ದರು. ನೋವು ಪ್ರಾರಂಭವಾದ ಒಂದು ಗಂಟೆಯೊಳಗೆ ಔಷಧ ಪಡೆದವರಲ್ಲಿ ಮಾತ್ರ ಮರಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎರಡು ವರ್ಷಗಳ ಅನಂತರ ಬಂದ ಇನ್ನೊಂದು ದೊಡ್ಡ ವರದಿಯು, ತಲೆನೋವಿಗೆ ನುಂಗುವ ಅಗ್ಗದ ಆಸ್ಪಿರಿನ್ ಕೂಡ ಕಿರುತಟ್ಟೆಗಳ ಅಂಟುವಿಕೆಯನ್ನು ತಡೆದು ಪ್ರಾಣ ಉಳಿಸುತ್ತದೆಂದು ತೋರಿಸಿತು.

ಗಂಟೆಯ ಲೆಕ್ಕ ಇಷ್ಟು ಮುಖ್ಯವೇಕೆ ಎಂಬುದನ್ನು ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಪ್ರಯೋಗ ನಡೆಸಿ 1977ರಲ್ಲಿ ವಿವರಿಸಿದ್ದರು. ಧಮನಿ ಮುಚ್ಚಿದಾಗ ಸ್ನಾಯು ಒಮ್ಮೆಗೇ ಸಾಯುವುದಿಲ್ಲ. ಸಾವು ಒಳಪದರದಲ್ಲಿ ಆರಂಭವಾಗಿ, ಅಲೆಯಂತೆ ಹೊರಪದರದ ಕಡೆಗೆ ಗಂಟೆಗಂಟೆಗೂ ಸರಿಯುತ್ತದೆ. ತೂಬು ಮುಚ್ಚಿದ ಗದ್ದೆಯಲ್ಲಿ ಪೈರು ಒಂದು ಅಂಚಿನಿಂದ ಒಣಗುತ್ತ ಬರುವಂತೆ. ಬೇಗ ನೀರು ಬಿಟ್ಟರೆ ಉಳಿದ ಪೈರು ಚೇತರಿಸಿಕೊಳ್ಳುತ್ತದೆ, ಒಣಗಿದ್ದು ಒಣಗಿತು.

ಎರಡನೆಯ ಬಗೆ ಧಮನಿಯನ್ನು ಬಲೂನಿನಿಂದ ಅಗಲಿಸುವುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ತಮ್ಮ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ನಳಿಕೆಗಳಿಗೆ ಪುಟ್ಟ ಬಲೂನುಗಳನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಅದನ್ನು ಸಿದ್ಧಗೊಳಿಸಿದರು. 1977ರ ಸೆಪ್ಟೆಂಬರ್ 16ರಂದು, ಎಚ್ಚರವಾಗಿಯೇ ಇದ್ದ 38 ವರ್ಷದ ರೋಗಿಯೊಬ್ಬನ ಕರೊನರಿ ಧಮನಿಯನ್ನು ಅದರಿಂದ ಮೊದಲ ಬಾರಿಗೆ ಅಗಲಿಸಿದರು. ಮುಂದೆ ಈ ಕ್ರಮವು ಹೃದಯಾಘಾತದ ತುರ್ತು ಚಿಕಿತ್ಸೆಗೂ ಬಂದಿತು. ಅಗಲಿಸಿದ ಜಾಗ ಮತ್ತೆ ಕುಸಿಯದಂತೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇರಿಸುವ ಪದ್ಧತಿ 1986ರಲ್ಲಿ ಮೊದಲಾಯಿತು. ಪರಿಣತರು ತಕ್ಕ ಕಾಲದಲ್ಲಿ ಮಾಡಿದರೆ, ಕರಗಿಸುವ ಔಷಧಕ್ಕಿಂತ ಈ ಚಿಕಿತ್ಸೆ ಮೇಲೆಂಬುದು ಈಗ ಸಿದ್ಧವಾಗಿದೆ.

ಆದರೆ ಇದರಲ್ಲಿ ಒಂದು ತೊಡಕು ಉಂಟು. ಬಲೂನು ಹಿಗ್ಗಿದಾಗ ಹೆಪ್ಪು ಧಮನಿಯಿಂದ ಹೊರಕ್ಕೆ ಬರುವುದಿಲ್ಲ. ಅದು ಗೋಡೆಗೆ ಒತ್ತಲ್ಪಡುತ್ತದೆ, ಇಲ್ಲವೇ ಪುಡಿಯಾಗಿ ರಕ್ತದೊಡನೆ ಕೆಳಗಿನ ಕವಲುಗಳಿಗೆ ತೇಲಿಹೋಗಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಿರಿಯ ಕಾಲುವೆ ತೆರೆದಿದ್ದರೂ ಗದ್ದೆಗೆ ನೀರಿಲ್ಲ. ಹೀಗಿರುವಾಗ, ಬಲೂನು ಹಿಗ್ಗಿಸುವ ಮುನ್ನವೇ ಹೆಪ್ಪನ್ನು ಹೀರಿ ತೆಗೆದರೇನು? ಇದಕ್ಕಾಗಿ ಮೃದುವಾದ ನಳಿಕೆಗಳು ತಯಾರಾದವು. ಮಣಿಕಟ್ಟಿನ ಅಥವಾ ತೊಡೆಸಂದಿನ ಧಮನಿಯಿಂದ ಕೂದಲಿನಂಥ ತಂತಿಯೊಂದನ್ನು ಹೆಪ್ಪಿನ ಆಚೆಗೆ ದಾಟಿಸಿ, ಅದರ ಮೇಲೆ ನಳಿಕೆಯನ್ನು ನಡೆಸುತ್ತಾರೆ. ಹೊರತುದಿಗೆ ಜೋಡಿಸಿದ ಖಾಲಿ ಸಿರಿಂಜಿನ ಹಿಡಿಯನ್ನು ಹಿಂದಕ್ಕೆಳೆದು ಬಿಗಿದರೆ ಎಳೆತ ಉಂಟಾಗುತ್ತದೆ. ನಳಿಕೆಯನ್ನು ನಿಧಾನವಾಗಿ ಹೆಪ್ಪಿನ ಮೂಲಕ ಸರಿಸಿದಾಗ ರಕ್ತವೂ ಹೆಪ್ಪಿನ ಚೂರುಗಳೂ ಸಿರಿಂಜಿಗೆ ಬರುತ್ತವೆ. ಅದನ್ನು ಸಣ್ಣ ಜಾಲರಿಯಲ್ಲಿ ಸೋಸಿದರೆ ಕೆಂಪು, ಬಿಳಿ ಬಣ್ಣದ ತುಣುಕುಗಳು ಉಳಿಯುತ್ತವೆ. ಒಂದು ಜೀವವನ್ನು ಕೊಲ್ಲಲು ಹೊರಟಿದ್ದ ವಸ್ತು, ಅಕ್ಕಿಕಾಳಿನಷ್ಟಾಗಿ, ಬಿಳಿಬಟ್ಟೆಯ ಮೇಲೆ ಬಿದ್ದಿರುತ್ತದೆ. ಅದನ್ನು ಕಂಡ ವೈದ್ಯನಿಗೆ ತನ್ನ ಕೆಲಸ ಸಾರ್ಥಕವಾಯಿತೆನಿಸದೆ ಹೇಗೆ ಇದ್ದೀತು?

ನೆದರ್‌ಲೆಂಡ್ಸಿನ ಗ್ರೋನಿಂಗೆನ್ ನಗರದ ಆಸ್ಪತ್ರೆಯಲ್ಲಿ 1,071 ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ ಈ ಕ್ರಮವನ್ನು ಪರೀಕ್ಷಿಸಿದರು. 2008ರಲ್ಲಿ ಬಂದ ವರದಿ ಹರ್ಷದಾಯಕವಾಗಿತ್ತು. ಹೀರುವ ಕ್ರಮವನ್ನು ಪಡೆದವರ ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿದಿತ್ತು. ಒಂದು ವರ್ಷದ ಬಳಿಕ ಹೃದಯದ ಕಾರಣದಿಂದ ಸತ್ತವರು ಹೀರಿದ ಗುಂಪಿನಲ್ಲಿ ಶೇಕಡಾ 3.6, ಮತ್ತೊಂದರಲ್ಲಿ ಶೇಕಡಾ 6.7. ಯುಕ್ತಿಗೆ ಒಪ್ಪುವ ಮಾತು, ಕಣ್ಣಿಗೆ ಕಾಣುವ ಸಾಕ್ಷಿ, ಅಂಕಿಗಳ ಬೆಂಬಲ, ಮೂರೂ ಕೂಡಿದ್ದವು. ಹಲವು ದೇಶಗಳಲ್ಲಿ ಹೆಪ್ಪು ಹೀರುವುದು ವಾಡಿಕೆಯಾಯಿತು.

ಆದರೂ ಕೆಲವರಿಗೆ ಸಂಶಯ ಉಳಿದಿತ್ತು. ಒಂದೇ ಆಸ್ಪತ್ರೆಯ ಸಾವಿರ ರೋಗಿಗಳಲ್ಲಿ ಸಾವುಗಳ ಸಂಖ್ಯೆ ಅಲ್ಪ. ಅಲ್ಪ ಸಂಖ್ಯೆಯಲ್ಲಿ ಆಕಸ್ಮಿಕವೂ ನಿಯಮದಂತೆ ಕಾಣಬಹುದು. ಸ್ವೀಡನ್ ದೇಶದಲ್ಲಿ ಇಂಥ ಚಿಕಿತ್ಸೆ ಪಡೆದ ಪ್ರತಿಯೊಬ್ಬರ ವಿವರವನ್ನೂ ರಾಷ್ಟ್ರದ ದಾಖಲೆಯೊಂದರಲ್ಲಿ ಬರೆದಿಡುವ ಪದ್ಧತಿಯಿದೆ. ಓಲೆ ಫ್ರೋಬರ್ಟ್ ಮತ್ತು ಸಂಗಡಿಗರು ಆ ದಾಖಲೆಯನ್ನೇ ಪ್ರಯೋಗದ ಸಾಧನವಾಗಿ ಮಾಡಿಕೊಂಡರು. ನಾಣ್ಯ ಚಿಮ್ಮಿ ನಿರ್ಧರಿಸಿದಂತೆ, ಯಾರಿಗೆ ಹೀರಬೇಕು ಯಾರಿಗೆ ಬೇಡ ಎಂಬುದನ್ನು ಯಾರ ಇಚ್ಛೆಗೂ ಬಿಡದೆ ಗೊತ್ತುಮಾಡಿದರು. ಸ್ವೀಡನ್ನಿನ ಜೊತೆಗೆ ಐಸ್‌ಲೆಂಡ್ ಮತ್ತು ಡೆನ್ಮಾರ್ಕಿನ ಒಂದೊಂದು ಆಸ್ಪತ್ರೆಯೂ ಸೇರಿ 7,244 ರೋಗಿಗಳಾದರು. 2013ರಲ್ಲಿ ಫಲ ಹೊರಬಂದಿತು. ಮೂವತ್ತು ದಿನಗಳೊಳಗೆ ಸತ್ತವರು ಹೀರಿದ ಗುಂಪಿನಲ್ಲಿ ಶೇಕಡಾ 2.8, ಹೀರದ ಗುಂಪಿನಲ್ಲಿ ಶೇಕಡಾ 3.0. ವ್ಯತ್ಯಾಸವಿಲ್ಲವೆಂದೇ ಇದರ ಅರ್ಥ. ಕೆನಡಾದ ವೈದ್ಯರ ಮುಂದಾಳ್ತನದಲ್ಲಿ 20 ದೇಶಗಳ 10,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಮತ್ತೊಂದು ಪ್ರಯೋಗ 2015ರಲ್ಲಿ ಅದನ್ನೇ ಹೇಳಿತು. ಅಷ್ಟೇ ಅಲ್ಲ, ಹೀರಿದ ಗುಂಪಿನಲ್ಲಿ ತಿಂಗಳೊಳಗೆ ಮಿದುಳಿನ ಆಘಾತಕ್ಕೆ ಒಳಗಾದವರು 33 ಮಂದಿ, ಇನ್ನೊಂದರಲ್ಲಿ 16 ಮಂದಿ ಎಂಬುದೂ ತಿಳಿಯಿತು. ನಳಿಕೆಯನ್ನು ಹಿಂದಕ್ಕೆಳೆಯುವಾಗ ಹೆಪ್ಪಿನ ತುಣುಕು ಕಳಚಿ ಮಹಾಪಧಮನಿಯ ಮೂಲಕ ಮಿದುಳಿಗೆ ಹೋಗಬಹುದೆಂದು ತಜ್ಞರು ಊಹಿಸಿದರು.

ಜಾಲರಿಯ ಮೇಲೆ ಕಂಡ ಹೆಪ್ಪು ಸುಳ್ಳಾಗಿರಲಿಲ್ಲ. ಆದರೆ ವೈದ್ಯನ ಕಣ್ಣಿಗೆ ಬಿದ್ದದ್ದು ಹೊರಬಂದ ತುಣುಕು ಮಾತ್ರ. ಅದಕ್ಕೆ ಮೊದಲೇ ಸೂಕ್ಷ್ಮ ನಾಳಗಳಿಗೆ ಇಳಿದುಹೋದ ಪುಡಿ, ರೋಗಿ ಮನೆಯಲ್ಲಿಯೂ ದಾರಿಯಲ್ಲಿಯೂ ಕಳೆದ ಗಂಟೆಗಳಲ್ಲಿ ಸತ್ತ ಸ್ನಾಯು, ಇವು ಅವನಿಗೆ ಕಾಣುವಂತಿರಲಿಲ್ಲ. ತಮಗೆ ಪ್ರಿಯವಾದ ಉಪಾಯವೊಂದನ್ನು ಇಷ್ಟು ಕಠಿಣವಾಗಿ ಪರೀಕ್ಷಿಸಿ, ಅದು ಸೋತಾಗ ಸೋತಿತೆಂದು ಪ್ರಕಟಿಸಿದ ಆ ವೈದ್ಯರ ಕೆಲಸ ಫೋರ್ಸ್‌ಮನ್ನನ ಸಾಹಸಕ್ಕಿಂತ ಕಡಿಮೆಯದೆಂದು ಹೇಳಲಾಗದು.

ಬಲೂನು ಮತ್ತು ಸ್ಟೆಂಟಿನ ಚಿಕಿತ್ಸೆಗೆ ಬೇಕಾದ ಕ್ಯಾಥ್‌ಲ್ಯಾಬ್ ಎಂಬ ಚಿಕಿತ್ಸಾಗಾರ ದೊಡ್ಡ ಊರುಗಳಲ್ಲಿ ಮಾತ್ರ ಇರುತ್ತದೆ. ಅಲ್ಲಿಗೆ ಎರಡು ಗಂಟೆಗಳೊಳಗೆ ಚಿಕಿತ್ಸೆ ದೊರೆಯುವಂತೆ ತಲುಪಲಾಗದ ರೋಗಿಗೆ ಹೆಪ್ಪು ಕರಗಿಸುವ ಔಷಧವನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಕೊಟ್ಟು, ಬಳಿಕ ಮುಂದಕ್ಕೆ ಕಳುಹಿಸುವುದು ಸರಿಯಾದ ಕ್ರಮ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ರೂಪಿಸಿದುದು ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಅಂಥ ಔಷಧವನ್ನು ಉಚಿತವಾಗಿ ಕೊಡುವ ಉದ್ದೇಶದಿಂದಲೇ. ಆದರೆ ಆಸ್ಪತ್ರೆಯಲ್ಲಿ ಔಷಧವಿದ್ದರೆ ಸಾಲದು. ಎದೆಯ ನಡುವೆ ಭಾರವಿಟ್ಟಂತೆ ಒತ್ತುವ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರುಕಟ್ಟುವುದು, ಇವು ಕಂಡಾಗ ಬೆಳಗಾಗಲಿ ಎಂದು ಕಾಯುವ ಮನೆಯಲ್ಲಿ ಆ ಔಷಧದ ಬೆಲೆಯೂ ಗಂಟೆಗಂಟೆಗೆ ಇಳಿಯುತ್ತ ಹೋಗುತ್ತದೆ. ಸಿಹಿಮೂತ್ರ ರೋಗಿಗಳಲ್ಲಿಯೂ ವೃದ್ಧರಲ್ಲಿಯೂ ನೋವು ಸ್ಪಷ್ಟವಾಗಿ ಕಾಣಿಸದೆ, ಬರಿಯ ಆಯಾಸವಾಗಿ ತೋರುವುದೂ ಉಂಟು.

ಹೆಪ್ಪು ಹೀರುವ ನಳಿಕೆಯನ್ನು ವೈದ್ಯರು ಎಸೆದುಬಿಟ್ಟಿಲ್ಲ. ಎಲ್ಲ ರೋಗಿಗಳಿಗೂ ವಾಡಿಕೆಯಂತೆ ಅದನ್ನು ಬಳಸಬಾರದೆಂದು ಯೂರೋಪು ಮತ್ತು ಅಮೆರಿಕಗಳ ಹೃದ್ರೋಗ ತಜ್ಞರ ಸಂಘಗಳು ಸೂಚಿಸಿವೆ. ತಂತಿ ದಾಟಿಸಿ ಬಲೂನು ಹಿಗ್ಗಿಸಿದ ಮೇಲೂ ಧಮನಿಯ ತುಂಬ ದೊಡ್ಡ ಹೆಪ್ಪು ಉಳಿದು ರಕ್ತ ಹರಿಯದೆ ನಿಂತಾಗ, ಅದು ಚಿಕಿತ್ಸಾಗಾರದ ಕಪಾಟಿನಿಂದ ಹೊರಬರುತ್ತದೆ. ಆಗ ವೈದ್ಯನು ಸಿರಿಂಜಿನ ಎಳೆತವನ್ನು ಕೊನೆಯವರೆಗೂ ಸಡಿಲಿಸದೆ, ತುಣುಕು ದಾರಿಯಲ್ಲಿ ಕಳಚದಂತೆ, ನಳಿಕೆಯನ್ನು ಅಂಗುಲ ಅಂಗುಲವಾಗಿ ಹೊರಕ್ಕೆ ತರುತ್ತಾನೆ.